ಗಡಿಯಾರ ನಿಲ್ಲಿಸಿದವರು ಯಾರು?

‘ನೀನಿರದ ಅಂಗಳ’ ಎಂಬ ಧಾರಾವಾಹಿಯ ಬಗ್ಗೆ ತಿಪ್ಪೇರುದ್ರನಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಸಂಜೆ ಏಳೂವರೆಗೆ ಅದು ಶುರುವಾದ ಮೇಲೆ ಚನ್ನಗಿರಿಯಲ್ಲಿ ಕರೆಂಟು ಹೋದರೆ ಬೈಗುಳವೆಲ್ಲ ತನ್ನ ಪಾಲಿಗೇ ಬರುತ್ತದೆ. ಅವನು ಲೈನ್‌ಮನ್. ಎಂಟುನೂರು ಚಿಲ್ಲರೆ ಸಂಚಿಕೆಗಳು ಬಂದುಹೋಗುವಷ್ಟು ಕಾಲವೂ ಏಳೂವರೆಗೆ ಅವನು ಯಾವುದಾದರೊಂದು ಕಂಬದ ಮೇಲೆಯೇ ಇದ್ದ. ಕೆಳಗಿನಿಂದ ಯಾರಾದರೊಬ್ಬ ಹೆಂಗಸು, "ಬೇಗ ಹಾಕಪ್ಪಾ, ಅವಳು ಅಳಾಕೆ ಶುರು ಮಾಡಿದ್ಲು, ಅಷ್ಟೊತ್ತಿಗೆ ತೆಗೆದುಬಿಟ್ರಿ" ಎಂದು ಕೂಗುತ್ತಿದ್ದಳು. ಅಳುವವಳು ಯಾರು, ಯಾಕೆ ಅಳುತ್ತಾಳೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಆ ಶನಿವಾರ ಬೆಳಿಗ್ಗೆ ಅಷ್ಟೊಂದು ಬೆವರುವ ಪ್ರಸಂಗ ಬರುತ್ತಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಬಂಗಾರಪ್ಪನ ಫೋನು ಬಂತು. ಬಂಗಾರಪ್ಪ ಅವನದೇ ಆಫೀಸಿನ ಮೀಟರ್ ರೀಡರ್. ಮನೆಮನೆಗೆ ಹೋಗಿ ಮೀಟರ್ ಓದುವಾಗ ಆ ಮನೆಯಲ್ಲಿ ಮದುವೆಗೆ ಬಂದ ಮಕ್ಕಳು ಎಷ್ಟಿದ್ದಾರೆಂಬುದನ್ನೂ ಓದಿಕೊಂಡು ಬರುವ ಮನುಷ್ಯ.

"ಲೇ ರುದ್ರಾ, ಸಂಜೆ ಗೋವಿನಕೋವಿಗೆ ಹೆಣ್ಣು ನೋಡಾಕೆ ಹೋಗಾದು ಖಾಯಂ ಅಲ್ವೇನೋ? ಒಂದು ಮಾತು ಹೇಳಾಕೆ ಮರೆತಿದ್ದೆ. ಆ ಮನೇಲಿ ಅಜ್ಜಿ ಒಂದು ಪ್ರಶ್ನೆ ಕೇಳ್ತಾಳೆ."

"ಏನಣ್ಣಾ? ಸಂಬಳನಾ?"

"ಸಂಬಳ ಅಲ್ಲಲೇ. ಆ ಸೀರಿಯಲ್ಲಿನ ನಚಿಕೇತ, ಇಂಚರಾ ಒಬ್ಬರಿಗೊಬ್ಬರು ತಕ್ಕೋರು ಯಾಕೆ, ಅಂತ."

ತಿಪ್ಪೇರುದ್ರ ಹಾಸಿಗೆಯ ಮೇಲೆ ಎದ್ದು ಕುಳಿತ.

ಬಂಗಾರಪ್ಪ ವಿವರಿಸಿದ. ಹುಡುಗಿಯ ತಂದೆ ಜಯಪ್ಪ ಹೆಡ್‌ಮಾಸ್ತರು. ಬೌದ್ಧ ಧರ್ಮಕ್ಕೆ ಬಂದ ಮೇಲೆ ಆ ಮನೆಯಲ್ಲಿ ಜಾತಕ, ಗುಣ, ನಕ್ಷತ್ರ ನೋಡುವುದನ್ನೆಲ್ಲ ನಿಲ್ಲಿಸಿದ್ದರು. ಆದರೆ ಜಾತಕ ಎದ್ದುಹೋದ ಜಾಗ ಖಾಲಿ ಉಳಿಯಲಿಲ್ಲ. ಅಲ್ಲಿ ಅವರ ತಾಯಿ ಅಂಜಮ್ಮ ಧಾರಾವಾಹಿಯನ್ನು ತಂದು ಕೂರಿಸಿದರು. ನೋಡಲು ಬರುವ ಗಂಡುಗಳಿಗೆಲ್ಲ ಇದೊಂದೇ ಪರೀಕ್ಷೆ. ಈಗಾಗಲೇ ಮೂವರು ಫೇಲಾಗಿದ್ದರು. ಒಬ್ಬ, ತಾನು ಸೀರಿಯಲ್ ನೋಡುವುದಿಲ್ಲ ಎಂದ. ಮನೆಯವರ ಜತೆ ಕೂರದ ಗಂಡು ಎಂದು ಅವನನ್ನು ಬಿಟ್ಟರು. ಇನ್ನೊಬ್ಬ, ಇಂಚರಾ ಕತೆಯಲ್ಲಿ ಅವಳಪ್ಪ ನೋಡಿದ ಆಫೀಸರನ್ನೇ ಮದುವೆಯಾಗಲಿ ಎಂದ. ಅವನ ಕಣ್ಣು ಸಂಬಳದ ಮೇಲೆ ಎಂದರು. ಮೂರನೆಯವನು, ಯಾರನ್ನಾದರೂ ಆಗಲಿ ಬಿಡ್ರೀ, ಸುಳ್ಳು ಕತೆ ತಾನೆ ಎಂದ. ಅವನಿಗೆ ಟೀ ಸಹ ಸಿಗಲಿಲ್ಲ.

ತಿಪ್ಪೇರುದ್ರನಿಗೆ ಮೂವತ್ತಾರು ವಯಸ್ಸು. ಬಿಳಿಚೋಡಿನಲ್ಲಿದ್ದ ಅವನ ತಾಯಿ ಒಂಬತ್ತು ಹೆಣ್ಣು ನೋಡಿ ಸುಸ್ತಾಗಿದ್ದಳು. ಒಂಬತ್ತು ಮನೆಯವರೂ ಒಂದೇ ಮಾತು ಹೇಳಿದ್ದರು: ಕಂಬ ಹತ್ತುವ ಕೆಲಸ, ಜೀವಕ್ಕೆ ಗ್ಯಾರಂಟಿ ಏನು? ಈ ಹತ್ತನೆಯ ಮನೆಯವರು ಮಾತ್ರ ಆ ಮಾತು ಎತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಂಘಮಿತ್ರಾಳ ಫೋಟೋ ಬಂದಿತ್ತು. ಬೇರೆ ಹುಡುಗಿಯರೆಲ್ಲ ಆಧಾರ್ ಕಾರ್ಡಿಗೆ ನಿಂತಂತೆ ನಿಂತಿದ್ದರೆ, ಇವಳು ಮಾತ್ರ ಫೋಟೋ ತೆಗೆಯುತ್ತಿದ್ದವರನ್ನು ನೋಡಿ ಮನಸಾರೆ ನಗುತ್ತಿದ್ದಳು. ತಿಪ್ಪೇರುದ್ರ ಆ ಫೋಟೋವನ್ನು ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಿದ್ದ. ಹದಿನೈದು ದಿನದಿಂದ ಅವನು ಕಂಬದ ಮೇಲಿದ್ದಾಗಲೂ ಆ ನಗು ನೆನಪಾಗಿ ಒಬ್ಬನೇ ನಗುತ್ತಿದ್ದ. ಈ ಮನೆ ತಪ್ಪಿದರೆ ಇನ್ನೊಂದು ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ.

ಹಲ್ಲುಜ್ಜಿದವನೇ ಪಕ್ಕದ ಮನೆಗೆ ಓಡಿದ. ದಿಲ್‌ಶಾದ್ ಬೇಗಂ ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರುವ ಹೆಂಗಸು. ಧಾರಾವಾಹಿಯ ವಿಷಯದಲ್ಲಿ ಇಡೀ ಬೀದಿಗೆ ಅವಳ ಮಾತೇ ಕೊನೆಯ ಮಾತು.

"ದಿಲ್‌ಶಾದಕ್ಕಾ, ಎಂಟುನೂರು ಸಂಚಿಕೆ ಮಧ್ಯಾಹ್ನದೊಳಗೆ ನಂಗೆ ಹೇಳಾಕೆ ಆಗ್ತೈತಾ?"

"ಯಾ ಅಲ್ಲಾ!" ದಿಲ್‌ಶಾದ್ ಬೇಗಂ ಎದೆ ಮುಟ್ಟಿಕೊಂಡಳು. "ದಿನಾ ಕರೆಂಟ್ ತೆಗೆಯೋನು ಇವತ್ತು ಸೀರಿಯಲ್ ಕೇಳಾಕೆ ಬಂದಾನೆ. ಬಾ ತಮ್ಮಾ, ಕೂತ್ಕೋ."

ಕಾರಣ ತಿಳಿದ ಮೇಲಂತೂ ಅವಳಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. ಅಡುಗೆಮನೆಯಿಂದ ಪಾತ್ರೆಗಳನ್ನು ತಂದು ಸಾಲಾಗಿ ಜೋಡಿಸಿದಳು. ಉಪ್ಪಿನ ಭರಣಿ ಇಂಚರಾ. ಕುಟ್ಟಾಣಿ ಅವಳ ಅಪ್ಪ. ಒಂದು ಹಳೆಯ ಹಿತ್ತಾಳೆ ಲೋಟ ನಚಿಕೇತ, ಗಡಿಯಾರ ರಿಪೇರಿಯವನು. ಹೊಸ ಕುಕ್ಕರು ಆಫೀಸರ್ ಪ್ರತ್ಯೂಷ್, ಅಪ್ಪ ನೋಡಿದ ಗಂಡು.

"ಇಂಚರಾ ಮನೆ ಗೋಡೆ ಗಡಿಯಾರ ಭಾಳ ಹಳೇದು ತಮ್ಮಾ. ವಾರಕ್ಕೊಂದು ಸಲ ನಿಲ್ತೈತೆ. ಅವನು ಬರ್ತಾನೆ, ರಿಪೇರಿ ಮಾಡ್ತಾನೆ, ಅವಳು ಕೊಟ್ಟ ನೀರು ಕುಡೀತಾನೆ, ಒಂದು ಮಾತೂ ಆಡದೆ ಹೋಗ್ತಾನೆ. ಆರು ವರ್ಷದಿಂದ ಹಿಂಗೇ! ಇವತ್ತು ಮಹಾಸಂಚಿಕೆ. ಲಗ್ನದ ಮಂಟಪ ಹಾಕ್ಯಾರೆ. ಅವಳು ಯಾರ ಕೈ ಹಿಡೀತಾಳೆ ಅಂತ ಇವತ್ತೇ ಗೊತ್ತಾಗ್ತೈತೆ. ಅಜ್ಜಿ ಕೇಳಿದ್ರೆ ಮೂರು ಮಾತು ಹೇಳು. ತಾಳ್ಮೆ, ತ್ಯಾಗ, ನಿಯತ್ತು. ಬರ್ಕೋ."

ತಿಪ್ಪೇರುದ್ರ ಮೂರನ್ನೂ ಬಾಲ್‌ಪೆನ್ನಿನಲ್ಲಿ ಎಡಗೈ ಅಂಗೈ ಮೇಲೆ ಬರೆದುಕೊಂಡ.

ಅಷ್ಟರಲ್ಲಿ ಎದುರುಮನೆಯ ಟೀಚರ್ ಮಮತಾ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು. ಅವಳು ಆಫೀಸರ್ ಪಕ್ಷದವಳು.

"ಏನ್ ದಿಲ್‌ಶಾದಕ್ಕಾ, ಅವನಿಗೆ ಸುಳ್ಳು ಪಾಠ ಮಾಡ್ತೀರಲ್ಲ? ಗಡಿಯಾರದೋನು ಅವಳಿಗೆ ಏನು ಊಟ ಹಾಕ್ತಾನೆ? ಮುಳ್ಳು ತಿನ್ನಿಸ್ತಾನಾ? ರುದ್ರಣ್ಣಾ, ನೀವು ಪ್ರತ್ಯೂಷ್ ಹೆಸರೇ ಹೇಳ್ರಿ."

"ಬಾಯಿ ಮುಚ್ಚೇ! ಆ ಕುಕ್ಕರ್ ಮುಖದೋನಿಗೆ ನಮ್ಮ ಇಂಚರಾ?" ಎಂದು ದಿಲ್‌ಶಾದ್ ಬೇಗಂ ರೋಷದಿಂದ ಕೈ ಬೀಸಿದಳು. ಕೈಯಲ್ಲಿ ಧನಿಯಾ ಪುಡಿಯ ಪೊಟ್ಟಣವಿತ್ತು, ಅದರ ಬಾಯಿ ಕಟ್ಟಿರಲಿಲ್ಲ. ಸಂಜೆಗೆಂದು ಇಸ್ತ್ರಿ ಮಾಡಿಸಿ, ಆತುರದಲ್ಲಿ ಈಗಲೇ ಹಾಕಿಕೊಂಡು ಬಂದಿದ್ದ ಬಿಳಿ ಅಂಗಿ ಕ್ಷಣದಲ್ಲಿ ಸಾರಿನ ಬಣ್ಣಕ್ಕೆ ತಿರುಗಿತು.

ಅವನಿಗಿದ್ದ ಒಳ್ಳೆಯ ಅಂಗಿ ಅದೊಂದೇ. ಉಳಿದವೆಲ್ಲ ಖಾಕಿ. ದಿಲ್‌ಶಾದ್ ಬೇಗಂ ನೂರು ಸಲ ತೋಬಾ ಎಂದು, ತನ್ನ ಗಂಡ ಸುಬಾನಸಾಬರ ಅಂಗಿ ತಂದು ತೊಡಿಸಿದಳು. ಸುಬಾನಸಾಬರು ದೊಡ್ಡ ಆಳು. ಆ ಅಂಗಿಯೊಳಗೆ ತಿಪ್ಪೇರುದ್ರನ ಜತೆ ಇನ್ನೊಬ್ಬ ಲೈನ್‌ಮನ್ ಆರಾಮಾಗಿ ಹಿಡಿಸುತ್ತಿದ್ದ. ತೋಳುಗಳು ಬೆರಳು ದಾಟಿ ಇಳಿದಿದ್ದವು.

"ಗಾಳಿ ಆಡ್ತೈತೆ ಬಿಡು" ಎಂದು ಮಧ್ಯಾಹ್ನ ಬಂದ ಬಂಗಾರಪ್ಪ ಸಮಾಧಾನ ಹೇಳಿ, ಅವನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಆ ಅಂಗಿ ಗಾಳಿ ತುಂಬಿ ಉಬ್ಬಿತು. ತಿಪ್ಪೇರುದ್ರ ಕಣ್ಣು ಮುಚ್ಚಿ ತಾಳ್ಮೆ, ತ್ಯಾಗ, ನಿಯತ್ತು ಎಂದು ಬಾಯಿಪಾಠ ಮಾಡುತ್ತಿದ್ದ.

ಹೊನ್ನಾಳಿ ಬರುತ್ತಲೇ ಬಂಗಾರಪ್ಪನಿಗೆ ಹಸಿವಾಯಿತು. ಮಂಡಕ್ಕಿ, ಮೆಣಸಿನಕಾಯಿ ತಿಂದದ್ದಾಯಿತು. ಕೈಗೆ ಹತ್ತಿದ ಎಣ್ಣೆ ಹೋಗಲೆಂದು ತಿಪ್ಪೇರುದ್ರ ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆದ. ಒರೆಸಿಕೊಂಡು ನೋಡಿದರೆ ತಾಳ್ಮೆ, ತ್ಯಾಗ, ನಿಯತ್ತು ಮೂರೂ ಚರಂಡಿ ಸೇರಿದ್ದವು. ಗಾಬರಿಯಲ್ಲಿ ಬಾಯಿಪಾಠ ಮಾಡಿದ್ದೂ ಹಾರಿಹೋಗಿತ್ತು. ತಲೆಯಲ್ಲಿ ಉಳಿದದ್ದು ಒಂದು ಭರಣಿ, ಒಂದು ಲೋಟ, ಒಂದು ಕುಕ್ಕರು.

"ಫೋನ್ ಮಾಡಿ ಕೇಳ್ಲಾ?" ಎಂದ.

"ಮಾಡು" ಎಂದ ಬಂಗಾರಪ್ಪ.

ದಿಲ್‌ಶಾದ್ ಬೇಗಂ ಫೋನು ಎತ್ತಲಿಲ್ಲ. ಅವಳು ಮಮತಾಳ ಜತೆ ಇನ್ನೂ ಜಗಳದಲ್ಲಿದ್ದಳು.

ಗೋವಿನಕೋವಿಯ ಮನೆ ಮುಟ್ಟಿದಾಗ ಐದು ಗಂಟೆ. ನಡುಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅವರ ಕೆಳಗೆ ಟೀವಿ. ಟೀವಿಯ ಎದುರಿನ ಕುರ್ಚಿಯಲ್ಲಿ ಅಂಜಮ್ಮ. ಅಜ್ಜಿ ಬಂದವರ ಮುಖ ನೋಡಲಿಲ್ಲ. ಖಾಲಿ ನೀಲಿ ಪರದೆಯನ್ನೇ ನೋಡುತ್ತ ಕೂಗುತ್ತಿದ್ದರು.

"ಅಯ್ಯೋ ಜಯಪ್ಪಾ, ಇವತ್ತು ಮಹಾಸಂಚಿಕೆ, ಇವತ್ತೂ ಚಿತ್ರ ಹೋತಲ್ಲೋ! ಸುದೀಪನ್ನ ಕರೀರೋ!"

ಜಯಪ್ಪ ಮಾಸ್ತರು ನಾಚಿಕೊಂಡು ನಕ್ಕರು. "ಬರ್ರಿ, ಬರ್ರಿ. ಕೂತ್ಕೊಳ್ರಿ. ನಮ್ಮ ಡಿಶ್ ಕೇಬಲ್ಲಿಗೆ ಅದೇನು ರೋಗವೋ, ದಿನಾ ಬಿಚ್ಕೊಂತೈತೆ."

ಎರಡೇ ನಿಮಿಷದಲ್ಲಿ ಸುದೀಪ ಬಂದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಎದುರಿನ ಓಣಿಯಲ್ಲೇ ಮೊಬೈಲು, ಡಿಶ್ ರಿಪೇರಿಯ ಅಂಗಡಿ ಇಟ್ಟಿದ್ದ. ಗೋಡೆಗೊಂದು ನೀಲಿ ಬಟ್ಟೆ ಕಟ್ಟಿ ಪಾಸ್‌ಪೋರ್ಟ್ ಫೋಟೋವನ್ನೂ ತೆಗೆಯುತ್ತಿದ್ದ. ಯಾರ ಮುಖವನ್ನೂ ನೋಡದೆ ಟೀವಿಯ ಹಿಂದೆ ಕೈ ಹಾಕಿ, ಕಳಚಿದ್ದ ಕೇಬಲನ್ನು ತಿರುಗಿಸಿ ಬಿಗಿ ಮಾಡಿದ. ಚಿತ್ರ ಬಂತು. ತಿಪ್ಪೇರುದ್ರನ ಕಣ್ಣು ಕೆಲಸದವನ ಕಣ್ಣು. ಅದು ತಿರುಪಿನ ಕೇಬಲ್ಲು, ತಾನಾಗಿ ಬಿಚ್ಚಿಕೊಳ್ಳುವಂಥದ್ದಲ್ಲ ಎಂಬುದನ್ನು ಕಂಡಿತು. ಆದರೆ ಅದನ್ನು ಯೋಚಿಸುವ ವ್ಯವಧಾನ ಅವನಿಗಿರಲಿಲ್ಲ. ಯಾಕೆಂದರೆ ಒಳಗಿನಿಂದ ಸಂಘಮಿತ್ರಾ ನೀರಿನ ತಂಬಿಗೆ ಹಿಡಿದು ಬಂದಳು.

ಫೋಟೋಗಿಂತ ಚೆನ್ನಾಗಿದ್ದಳು. ನಗು ಮಾತ್ರ ಇರಲಿಲ್ಲ. ಮೊದಲು ನೀರು ಸುದೀಪನಿಗೆ ಕೊಟ್ಟು, ಆಮೇಲೆ ಇವನಿಗೆ ಕೊಟ್ಟಳು. ಕೆಲಸ ಮಾಡಿದವರಿಗೆ ಮೊದಲು ನೀರು ಕೊಡುವ ಹುಡುಗಿ, ಎಂಥ ಗುಣ ಎಂದು ತಿಪ್ಪೇರುದ್ರ ಕರಗಿಹೋದ.

ಸುದೀಪ ಹೊರಡಲು ಎದ್ದರೆ ಅಜ್ಜಿ ಬಿಡಲಿಲ್ಲ. "ಕೂತ್ಕೋಳೋ, ಮತ್ತೆ ಬಿಚ್ಕೊಂಡ್ರೆ?" ಎಂದು ಮೂಲೆಯ ಸ್ಟೂಲು ತೋರಿಸಿದರು. ಆಮೇಲೆ ಕುರ್ಚಿಯನ್ನು ತಿಪ್ಪೇರುದ್ರನ ಕಡೆ ತಿರುಗಿಸಿಕೊಂಡರು.

"ಅಂಗಿ ಯಾರ್ದಪ್ಪಾ?"

"ಪಕ್ಕದ ಮನೆಯೋರ್ದು ಅಜ್ಜೀ" ಎಂದ, ಸುಳ್ಳು ಹೊಳೆಯದೆ.

"ನಿಜ ಹೇಳ್ತಾನೆ" ಎಂದು ಅಜ್ಜಿ ಮಗನ ಕಡೆ ನೋಡಿ ತಲೆಯಾಡಿಸಿದರು. "ಸರಿ. ಈಗ ಹೇಳು. ಸೀರಿಯಲ್ಲಿನ ನಚಿಕೇತ, ಇಂಚರಾ ಒಬ್ಬರಿಗೊಬ್ಬರು ತಕ್ಕೋರು ಅಂತೀಯೋ, ಅಲ್ಲ ಅಂತೀಯೋ? ಯಾಕೆ?"

ತಿಪ್ಪೇರುದ್ರ ಉದ್ದ ತೋಳನ್ನು ಮೇಲೆಳೆದು ಅಂಗೈ ನೋಡಿಕೊಂಡ. ಖಾಲಿ. ಬಂಗಾರಪ್ಪ ಮೊಣಕೈಯಲ್ಲಿ ತಿವಿದ. ಕೊನೆಗೆ, ಬಂದದ್ದು ಬರಲಿ ಎಂದು ತನಗೆ ಗೊತ್ತಿರುವ ವಿದ್ಯೆಗೇ ಕೈ ಹಾಕಿದ.

"ಅಜ್ಜೀ, ನಾನು ಸೀರಿಯಲ್ ನೋಡಿದೋನಲ್ಲ. ಆ ಹೊತ್ತಿಗೆ ಕಂಬದ ಮೇಲಿರ್ತೀನಿ. ಕೇಳಿದ್ದು ಅಷ್ಟೇ. ಆದ್ರೆ ನಾನು ರಿಪೇರಿಯೋನು. ಒಂದು ಲೈನು ಒಂದು ಸಲ ಕೆಟ್ರೆ ನಾವು ಲೈನು ನೋಡ್ತೀವಿ. ಅದೇ ಲೈನು, ಅದೇ ಜಾಗದಾಗೆ ವಾರವಾರ ಕೆಟ್ರೆ ಲೈನು ನೋಡಲ್ಲ, ಯಾರ ಕೈ ಐತೆ ಅಂತ ನೋಡ್ತೀವಿ. ಆ ಮನೆ ಗಡಿಯಾರ ಆರು ವರ್ಷದಿಂದ ವಾರವಾರ ನಿಲ್ತೈತಂತೆ. ಹಳೇ ಗಡಿಯಾರ ಹಿಂದೆ ಬೀಳ್ತೈತೆ, ಮುಂದೆ ಓಡ್ತೈತೆ. ಲೆಕ್ಕ ಇಟ್ಟಂಗೆ ವಾರಕ್ಕೊಂದು ಸಲ ನಿಲ್ಲಲ್ಲ. ಅದನ್ನ ಯಾರೋ ನಿಲ್ಲಿಸ್ತಾರೆ."

"ಯಾರು?" ಎಂದರು ಅಜ್ಜಿ, ಕುರ್ಚಿಯ ತುದಿಗೆ ಬಂದು.

"ಮತ್ಯಾರು? ಇಂಚರಾನೇ. ರಿಪೇರಿಯೋನು ಬರ್ಲಿ ಅಂತ."

ಒಳಬಾಗಿಲ ಬಳಿ ಏನೋ ಠಣ್ ಎಂದು ಬಿತ್ತು. ಸಂಘಮಿತ್ರಾಳ ಕೈಯಿಂದ ತಂಬಿಗೆ ಜಾರಿತ್ತು.

ತನ್ನ ಮಾತು ಅವಳ ಮನಸ್ಸಿಗೆ ತಾಕಿತು ಎಂದು ತಿಪ್ಪೇರುದ್ರನಿಗೆ ಹುರುಪು ಬಂತು. ಒಂಬತ್ತು ಮನೆಗಳಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಹೊರಬಂತು.

"ಅವನಿಗೂ ಗೊತ್ತಿರ್ತೈತೆ ಅಜ್ಜೀ. ಗಡಿಯಾರ ಬಿಚ್ಚಿದ ಕೂಡ್ಲೇ ಗೊತ್ತಾಗ್ತೈತೆ, ಏನೂ ಕೆಟ್ಟಿಲ್ಲ ಅಂತ. ಆದ್ರೂ ಒಂದು ದಿನ ಹೇಳಿಲ್ಲ ಅವನು. ಅವಳ ಮರ್ಯಾದೆ ಕಾದ. ಅವಳು ಬಾಯಿ ಬಿಟ್ಟು ಕೇಳಿಲ್ಲ, ಅವನು ಬಾಯಿ ಬಿಟ್ಟು ಹೇಳಿಲ್ಲ. ಇಬ್ಬರೂ ಕೂಡಿ ಆರು ವರ್ಷ ಒಂದು ಸುಳ್ಳನ್ನ ಜೋಪಾನ ಮಾಡ್ಯಾರೆ. ಅಂಥೋರು ಸಂಸಾರ ಜೋಪಾನ ಮಾಡಲ್ವಾ? ಆ ಕುಕ್ಕರ್ ಐತಲ್ಲ..."

"ಕುಕ್ಕರಾ?" ಎಂದರು ಜಯಪ್ಪ ಮಾಸ್ತರು.

"ಆಫೀಸರ್, ಆಫೀಸರ್! ಅವನಿಗೆ ಖಾಯಂ ನೌಕರಿ ಐತೆ, ಒಪ್ಕೊಂತೀನಿ. ನಂಗೂ ಐತೆ. ನೌಕರಿ ಇದ್ರೆ ಏನು ಬಂತು ಸಾರ್? ಒಂದಿನ ಬಂದು, ಕುರ್ಚಿ ಮೇಲೆ ಕೂತು, ಟೀ ಕುಡಿದು ಹೋಗೋನಿಗೆ ಆ ಹುಡುಗಿ ಏನು ಗೊತ್ತು? ಅವನನ್ನ ನೋಡಿ ಅವಳು ಒಂದು ಸಲನಾದ್ರೂ ನಕ್ಕಾಳಾ? ನಗು ಯಾರ ಮುಂದೆ ಬರ್ತೈತೋ ಅವರಿಗೇ ಕೊಡ್ಬೇಕು ಹೆಣ್ಣನ್ನ."

ಬಂಗಾರಪ್ಪ ತನಗೇ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಕುಕ್ಕರ್ ಅಂತ ಸರಿಯಾದ ಹೆಸರು ಇಟ್ಟೆ ನೋಡು. ಬರೀ ಸೀಟಿ ಹೊಡಿಯೋನು! ಎಂಟುನೂರು ಸಂಚಿಕೆ ನೋಡಿದೀನಿ, ಗಡಿಯಾರದ ವಿಷ್ಯ ನಂಗೇ ಹೊಳೀಲಿಲ್ಲ. ಜಯಪ್ಪಾ, ಹುಡುಗ ಪಾಸು!"

ತಿಪ್ಪೇರುದ್ರನ ಎದೆ ಆ ದೊಡ್ಡ ಅಂಗಿಯನ್ನೂ ತುಂಬುವಷ್ಟು ಉಬ್ಬಿತು. ಬಿಳಿಚೋಡಿಗೆ ಫೋನು ಮಾಡಿ ಅವ್ವನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ.

ಆದರೆ ಜಯಪ್ಪ ಮಾಸ್ತರು ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದವರು. ನಿಧಾನವಾಗಿ ಎದ್ದು ಟೀವಿಯ ಹಿಂದೆ ಹೋದರು. ಕೇಬಲ್ ಹಿಡಿದು ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಆಗಲೂ ಬರಲಿಲ್ಲ.

"ತಿಪ್ಪೇರುದ್ರಪ್ಪನೋರೇ, ನೀವು ತಿಳಿದೋರು. ಈ ಕೇಬಲ್ ತಾನಾಗಿ ಬಿಚ್ಕೊಳ್ಳಾಕೆ ಆಗ್ತೈತಾ?"

"ಆಗಲ್ಲ ಸಾರ್" ಎಂದ ತಿಪ್ಪೇರುದ್ರ ಠೀವಿಯಿಂದ. "ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದ್ರೇನೇ..."

ಮಾತು ಅಲ್ಲಿಗೇ ನಿಂತಿತು. ಮೂಲೆಯ ಸ್ಟೂಲಿನ ಮೇಲೆ ಸುದೀಪ ನೆಲ ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಮೊದಲ ನೀರು ಯಾರಿಗೆ ಹೋಯಿತೆಂಬುದು ತಿಪ್ಪೇರುದ್ರನಿಗೆ ಈಗ ನೆನಪಾಯಿತು. ಮೊಬೈಲಿನ ಕವರಿನೊಳಗಿದ್ದ ಫೋಟೋ ನೆನಪಾಯಿತು. ಅದರಲ್ಲಿ ಅವಳ ಹಿಂದೆ ಒಂದು ನೀಲಿ ಬಟ್ಟೆ ಕಟ್ಟಿತ್ತು.

"ಮಿತ್ರಾ" ಎಂದರು ಜಯಪ್ಪ. "ಯಾರಮ್ಮಾ ಬಿಚ್ಚೋದು?"

ಸಂಘಮಿತ್ರಾ ಹೊನ್ನಾಳಿಯ ಶಾಲೆಯಲ್ಲಿ ಗಣಿತ ಕಲಿಸುವವಳು. ಮಾತನ್ನು ಸುತ್ತಿ ಬಳಸುವ ಪೈಕಿ ಅಲ್ಲ. "ನಾನೇ ಅಪ್ಪಾಜಿ. ಎರಡು ವರ್ಷ ಆತು. ಹೇಳಾಕೆ ಧೈರ್ಯ ಇರ್ಲಿಲ್ಲ. ಇವರು ಬಂದು ನನ್ನ ಪರವಾಗಿ ಹೇಳಿಬಿಟ್ರು" ಎಂದು ತಿಪ್ಪೇರುದ್ರನ ಕಡೆ ನೋಡಿ ಕೈ ಮುಗಿದಳು. "ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಅಣ್ಣಾ."

ಅಣ್ಣಾ ಎಂಬ ಆ ಮಾತು ತಿಪ್ಪೇರುದ್ರನಿಗೆ ಶಾಕ್ ಹೊಡೆದ ಹಾಗೆ ತಾಕಿತು. ಅವನಿಗೆ ಶಾಕ್ ಹೊಸದೇನಲ್ಲ. ಆದರೆ ಯಾವುದೂ ಇಷ್ಟು ಒಳಗೆ ಇಳಿದಿರಲಿಲ್ಲ.

"ಅಲ್ಲಮ್ಮಾ, ಸುದೀಪ ನಮ್ಮ ಕೇರಿಯ ಒಳ್ಳೆ ಹುಡುಗನೇ" ಎಂದು ಜಯಪ್ಪ ತಡವರಿಸಿದರು. "ಆದ್ರೆ ಒಂದು ಖಾಯಂ ನೌಕರಿ..."

"ಲೇ ಜಯಪ್ಪಾ!" ಅಜ್ಜಿ ಗುಡುಗಿದರು. "ಖಾಯಂ ನೌಕರಿ ಇರೋನೇ ಇಲ್ಲಿ ಕೂತು ಹೇಳ್ತಾನೆ, ನೌಕರಿ ಇದ್ರೆ ಏನು ಬಂತು ಅಂತ! ನಿಂದೇನೋ ಮತ್ತೆ? ಹೇಳಪ್ಪಾ ತಿಪ್ಪೇರುದ್ರಾ, ನೀನೇ ಇನ್ನೊಂದ್ಸಲ ಹೇಳು ಇವನಿಗೆ."

ತಿಪ್ಪೇರುದ್ರ ಬಂಗಾರಪ್ಪನ ಕಡೆ ನೋಡಿದ. ಬಂಗಾರಪ್ಪ ಮೀಟರ್ ಓದುವವನಂತೆ ಗೋಡೆಯನ್ನೇ ನೋಡುತ್ತಿದ್ದ. ಸಂಘಮಿತ್ರಾ ಈಗ ನಗುತ್ತಿದ್ದಳು, ಫೋಟೋದಲ್ಲಿದ್ದ ಅದೇ ನಗು. ಅದು ಮೂಲೆಯ ಸ್ಟೂಲಿನ ಕಡೆಗಿತ್ತು. ಆ ನಗು ಕೆಡಿಸಲು ತಿಪ್ಪೇರುದ್ರನಿಗೆ ಮನಸ್ಸು ಬರಲಿಲ್ಲ. ಗಂಟಲು ಸರಿಮಾಡಿಕೊಂಡು, "ಹೌದು ಸಾರ್. ನಗು ಯಾರ ಮುಂದೆ ಬರ್ತೈತೋ ಅವರಿಗೇ ಕೊಡ್ರಿ" ಎಂದ.

ಅವನಿಗೊಂದೇ ಆಸೆ ಉಳಿದಿತ್ತು. ಏಳೂವರೆಯ ಮಹಾಸಂಚಿಕೆ. ಅದರಲ್ಲಿ ಇಂಚರಾ ಆಫೀಸರನ್ನು ಮದುವೆಯಾಗಿಬಿಟ್ಟರೆ ಅಜ್ಜಿಯ ಮನಸ್ಸು ತಿರುಗಬಹುದು. ಉಪ್ಪಿಟ್ಟು, ಟೀ ಎಲ್ಲ ಆದರೂ ಅವನು ಮೇಲೇಳಲಿಲ್ಲ. ನೋಡಿಕೊಂಡೇ ಹೋಗೋಣ ಅಣ್ಣಾ ಎಂದು ಬಂಗಾರಪ್ಪನನ್ನು ಹಿಡಿದು ಕೂರಿಸಿದ. ಜೀವನದಲ್ಲಿ ಮೊದಲ ಸಲ ‘ನೀನಿರದ ಅಂಗಳ’ ನೋಡಿದ. ಮಂಟಪ ಬಂತು, ಓಲಗ ಬಂತು. ಗಡಿಯಾರದವನು ಬಾಗಿಲಲ್ಲಿ ನಿಂತ. ಆಫೀಸರ್ ತಾಳಿ ಎತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು.

"ಅಯ್ಯೋ!" ಎಂದಿತು ಇಡೀ ಮನೆ. ಮರುಕ್ಷಣ ಎಲ್ಲರೂ ತಿಪ್ಪೇರುದ್ರನ ಕಡೆ ತಿರುಗಿದರು.

ಹೋದದ್ದು ಮನೆಯ ಫ್ಯೂಸು. ತಿಪ್ಪೇರುದ್ರ ತೋಳು ಮಡಚಿಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತು ಹೊಸ ತಂತಿ ಕಟ್ಟಿದ. ಸುದೀಪ ಮೊಬೈಲಿನ ಬೆಳಕು ಹಿಡಿದ. ಬೆಳಕು ನೆಟ್ಟಗೆ ಬೀಳಲೆಂದು ಸಂಘಮಿತ್ರಾ ಅವನ ಕೈಯನ್ನು ಹಿಡಿದಳು. ಆ ಬೆಳಕಿನಲ್ಲೇ ತಿಪ್ಪೇರುದ್ರ ಕೆಲಸ ಮುಗಿಸಿದ.

ಟೀವಿ ಬಂತು. ತಾಳಿ ಕಟ್ಟಿ ಆಗಿತ್ತು. ಕಟ್ಟಿದವನು ಆಫೀಸರ್ ಪ್ರತ್ಯೂಷ್. ಇಂಚರಾ ಅವನ ಪಕ್ಕದಲ್ಲಿ ಕುಳಿತು ಸಂತೋಷದಿಂದಲೇ ನಗುತ್ತಿದ್ದಳು. ತಿಪ್ಪೇರುದ್ರ ಆಸೆಯಿಂದ ಅಜ್ಜಿಯ ಮುಖ ನೋಡಿದ.

ಅಜ್ಜಿ ರಿಮೋಟ್ ಎತ್ತಿ ಟೀವಿ ಆರಿಸಿದರು.

"ಈ ಸೀರಿಯಲ್ ಬರೆಯೋನಿಗೆ ಬುದ್ಧಿ ಇಲ್ಲ" ಎಂದರು. "ಗಡಿಯಾರ ನಿಲ್ಲಿಸಿದ್ದು ಯಾರು ಅಂತಾನೇ ಗೊತ್ತಿಲ್ಲ ಅವನಿಗೆ. ಇವತ್ತಿಂದ ನಾನು ಇದನ್ನ ನೋಡಲ್ಲ. ನಂಗೆ ತಿಪ್ಪೇರುದ್ರ ಹೇಳಿದ್ದೇ ಸರಿ. ಜಯಪ್ಪಾ, ಬರೋ ತಿಂಗಳೇ ಮದ್ವೆ ಇಟ್ಕೊಳ್ಳೋ."

ಜಯಪ್ಪ ಮಾಸ್ತರು ಬೀಳ್ಕೊಡಲು ಬೈಕಿನ ತನಕ ಬಂದರು. ತಿಪ್ಪೇರುದ್ರನ ಕೈ ಹಿಡಿದು, ಸಂಕೋಚದಿಂದ ಒಂದು ಸಹಾಯ ಕೇಳಿದರು. ಅವನು ಆಗಲಿ ಸಾರ್ ಎಂದ.

ಬೈಕು ಊರು ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ದಿಲ್‌ಶಾದ್ ಬೇಗಂ. ಅವಳ ಹಿಂದೆ ಇಡೀ ಬೀದಿಯ ಗದ್ದಲ ಕೇಳುತ್ತಿತ್ತು.

"ತಮ್ಮಾ, ಸೀರಿಯಲ್ಲಿನೋರು ಮೋಸ ಮಾಡಿದ್ರು ಕಣೋ! ಅದು ಹಾಳಾಗ್ಲಿ. ಅಜ್ಜಿ ಪ್ರಶ್ನೆ ಕೇಳಿದ್ಲಾ?"

"ಕೇಳಿದ್ರು ಅಕ್ಕಾ."

"ಒಪ್ಪಿದ್ಲಾ?"

"ಭಾಳ ಒಪ್ಪಿದ್ರು. ಅವರಪ್ಪನೂ ಒಪ್ಪಿದ್ರು."

"ಹುಡುಗಿ?"

"ಅವಳಿಗಂತೂ ಹಿಡಿಸಲಾರದಷ್ಟು ಖುಷಿ ಆಗೈತೆ."

"ಮಾಷಾ ಅಲ್ಲಾ! ಲೇ ಮಮತಾ, ಗೆದ್ದ ಕಣೇ! ಮದ್ವೆ ಯಾವಾಗ ತಮ್ಮಾ?"

"ಬರೋ ತಿಂಗಳು."

ಆ ಕಡೆಯಿಂದ ಪಟಾಕಿಯ ಸದ್ದು ಬಂತು. ಯಾರೋ ಸಿಹಿ ತರಲು ಓಡಿದರು. ತಿಪ್ಪೇರುದ್ರ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಪಟಾಕಿ ಅಡ್ಡ ಬಂತು.

"ನೋಡು, ಹೆಣ್ಣಿನ ಕಡೆಯೋರು ಎಲ್ಲಾ ಮಾಡ್ಕೊಂತಾರೆ" ಎಂದಳು ದಿಲ್‌ಶಾದ್ ಬೇಗಂ ಕೂಗಿ. "ಆವತ್ತು ನೀನು ಯಾವ ಕೆಲಸಕ್ಕೂ ಕೈ ಹಾಕಬೇಡ, ಸುಮ್ನೆ ಮಂಟಪದಾಗೆ ಕೂತ್ಕೋ!"

"ಹಂಗಾಗಲ್ಲ ಅಕ್ಕಾ" ಎಂದ ತಿಪ್ಪೇರುದ್ರ, ಗಾಳಿ ತುಂಬಿದ ಸುಬಾನಸಾಬರ ಅಂಗಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು. "ಚಪ್ಪರದ ಕರೆಂಟು ನನ್ನ ಮೇಲೆ ಹಾಕ್ಯಾರೆ."